ಒಣಗಿದ ಮಣ್ಣು ಅದೇ ಮಣ್ಣೇ?

ಮಣ್ಣಿನ ಮಾದರಿಯಲ್ಲಿ ನೀರೆಷ್ಟಿದೆಯೆಂದು ತಿಳಿಯಲು ಪ್ರಯೋಗಾಲಯದಲ್ಲಿ ಹಸಿ ಮಣ್ಣನ್ನು ತೂಗಿ, 105ರಿಂದ 110 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿದಾಗ ಕಡಿಮೆಯಾದಷ್ಟನ್ನು ನೀರೆಂದು ಎಣಿಸುತ್ತಾರೆ. ಈ ನೀರಿನ ತೂಕವನ್ನು ಭೂತಂತ್ರ ಶಾಸ್ತ್ರದಲ್ಲಿ ಭಾಗಿಸುವುದು ಒಣಮಣ್ಣಿನ ತೂಕದಿಂದ; ಆದಕಾರಣ 125 ಗ್ರಾಂ ಮಣ್ಣು ಒಣಗಿ 100 ಗ್ರಾಂ ಉಳಿದರೆ ನೀರಿನಂಶ ಶೇಕಡಾ 25 ಆಗುತ್ತದೆ, ಜೌಗುನೆಲದ ಸಾವಯವ ಮಣ್ಣಿನಲ್ಲಿ ನೂರನ್ನು ಮೀರುವುದೂ ಉಂಟು. ನೀರು ಬಂದುಹೋಗುವಂಥದ್ದು, ಮಣ್ಣು ನಿಲ್ಲುವಂಥದ್ದು, ಒಣಗಿದ ಮೇಲೂ ಅದು ಅದೇ ಮಣ್ಣು ಎಂಬ ತತ್ತ್ವನಿರ್ಣಯವೊಂದು ಈ ಭಾಗಾಕಾರದಲ್ಲಿ ಸದ್ದಿಲ್ಲದೆ ಸೇರಿಕೊಂಡಿದೆ.

ಶಾಖಕ್ಕೊಳಗಾದ ವಸ್ತು ಮೊದಲಿನದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ತಾರ್ಕಿಕರು ಕುಂಬಾರನ ಆವಿಗೆಯ ನಿದರ್ಶನದಿಂದ ಚರ್ಚಿಸಿದ್ದಾರೆ. ಹಸಿ ಮಡಕೆ ಬೆಂದು ಕೆಂಪಾಗುವಾಗ ಅದು ಪರಮಾಣುಗಳವರೆಗೆ ಬಿಡಿಯಾಗಿ, ಬಣ್ಣ ಬದಲಿಸಿದ ಪರಮಾಣುಗಳಿಂದ ಹೊಸ ಮಡಕೆಯೇ ಹುಟ್ಟುತ್ತದೆಂಬುದು ವೈಶೇಷಿಕರ ಪೀಲುಪಾಕವಾದ. ಪೀಲು ಎಂದರೆ ಪರಮಾಣು. ನೈಯಾಯಿಕರ ಪಿಠರಪಾಕವಾದದಲ್ಲಾದರೋ ಇಡೀ ಮಡಕೆ ನಾಶವಾಗದೆ ಇದ್ದಂತೆಯೇ ಬೇಯುತ್ತದೆ, ಏಕೆಂದರೆ ಬೆಂದು ಹೊರಬಂದದ್ದನ್ನು ನೋಡಿದವರು ಇದು ಅದೇ ಎಂದು ಗುರುತಿಸುತ್ತಾರೆ. ಇದರಿಂದ ಪ್ರಾಚೀನರು ಮೃತ್ತಿಕಾಶಾಸ್ತ್ರವನ್ನು ಮೊದಲೇ ಕಂಡಿದ್ದರೆಂದು ಹೊಗಳುವ ಅಗತ್ಯವಿಲ್ಲ. ಅವರ ಚರ್ಚೆಯ ವಿಷಯ ಬಣ್ಣವೇ ಹೊರತು ನೀರಲ್ಲ. ಆದರೂ ಪ್ರಶ್ನೆಯ ಒಡಲು ಒಂದೇ.

ಮರಳಿನ ಮಟ್ಟಿಗೆ ನೈಯಾಯಿಕರ ಮಾತು ಸಲ್ಲುತ್ತದೆ, ಕಣಗಳ ಸಂದಿನಲ್ಲಿ ನಿಂತ ನೀರು ಆವಿಯಾದರೂ ಮರಳು ಮರಳಾಗಿಯೇ ಇರುತ್ತದೆ. ಜಿಪ್ಸಮ್ ಬೆರೆತ ಮಣ್ಣಿನಲ್ಲಿ ಹಾಗಾಗದು: ಆ ಹರಳಿನ ತೂಕದ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ನೀರೇ ಆಗಿದ್ದು, ಅದರ ಮುಕ್ಕಾಲನ್ನು ಶಾಖ ಹೊರಗಟ್ಟಿದರೆ ಉಳಿಯುವುದು ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಬೇರೆಯೇ ವಸ್ತು. ಇಂಥ ಮಣ್ಣನ್ನು 60ರಿಂದ 80 ಡಿಗ್ರಿಯಲ್ಲಷ್ಟೇ ಒಣಗಿಸಬೇಕೆಂದು ಭಾರತೀಯ ಮಾನಕ ವಿಧಿಸುತ್ತದೆ. ಯಾವ ನೀರು ಮಣ್ಣಿನ ಸ್ವರೂಪಕ್ಕೆ ಸೇರಿದ್ದು, ಯಾವುದು ಆಗಂತುಕ, ಎಂದರೆ ಹೊರಗಿನಿಂದ ಬಂದು ಸೇರಿದ್ದು, ಎಂಬ ತೀರ್ಮಾನವನ್ನು ತಕ್ಕಡಿ ಮಾಡಲಾರದು. ಮಣ್ಣನ್ನು ಅರಿತವರು ಅದನ್ನು ಮೊದಲೇ ಮಾಡಿ, ಶಾಖದ ಮಿತಿಯಲ್ಲಿ ಬರೆದಿಟ್ಟಿರುತ್ತಾರೆ. ಹಾಗೆಂದು ಆ ಗೆರೆ ಕೇವಲ ಮನುಷ್ಯಕಲ್ಪಿತವೂ ಅಲ್ಲ, ಏಕೆಂದರೆ ಜಿಪ್ಸಮ್ ರೂಪಾಂತರ ಹೊಂದುವುದು ಯಾರ ಒಪ್ಪಂದವನ್ನೂ ಕಾಯುವುದಿಲ್ಲ.

ಸಾವಯವ ಜೇಡಿಮಣ್ಣು ಈ ವಾದವನ್ನು ಇನ್ನಷ್ಟು ತೊಡಕಾಗಿಸುತ್ತದೆ. ಓವನ್‌ನಲ್ಲಿ ಒಣಗಿದ ಅದಕ್ಕೆ ಮತ್ತೆ ನೀರು ಬೆರೆಸಿದರೂ ಅದರ ದ್ರವಮಿತಿ, ಅಂದರೆ ಮಣ್ಣು ಹರಿಯತೊಡಗುವ ಹಂತದ ನೀರಿನಂಶ, ಮೊದಲಿನ ಮಟ್ಟಕ್ಕೆ ಬರುವುದಿಲ್ಲ. ಒಣಗಿಸದ ಮಣ್ಣಿನ ದ್ರವಮಿತಿಯ ಮುಕ್ಕಾಲಿಗಿಂತ ಅದು ಕೆಳಗಿಳಿದರೆ, ಅಷ್ಟರಿಂದಲೇ ಆ ಮಣ್ಣನ್ನು ಸಾವಯವವೆಂದು ವರ್ಗೀಕರಿಸುವ ಪದ್ಧತಿಯಿದೆ.