ಆ ಎರಡೂವರೆ ಗಂಟೆ ಯಾರದು?

ಮಕ್ಕಳಿರುವ ಹೆಂಗಸೊಬ್ಬಳು ಖಾಲಿ ಕೊಡ ಹಿಡಿದು ಪಂಚಾಯಿತಿ ಕಚೇರಿ ಮುಂದೆ ಧರಣಿ ಕೂತರೆ ನಮ್ಮ ಸಮಾಜ ಗೊಣಗುತ್ತಲಾದರೂ ಒಪ್ಪಿಕೊಳ್ಳುತ್ತದೆ. ಮಕ್ಕಳಿಗೆ ನೀರು ಬೇಕಲ್ಲ, ಅದಕ್ಕೇ ಬಂದಿದ್ದಾಳೆ ಎನ್ನುತ್ತದೆ. ಶಾಲೆಗೆ ಮೇಷ್ಟ್ರು ಬೇಕೆಂದು ಅರ್ಜಿ ಹಿಡಿದು ಅಲೆದರೂ, ಹೆಂಡದಂಗಡಿ ಮುಚ್ಚಿಸಲು ಬೀದಿಗಿಳಿದರೂ ಇದೇ ಸಮಾಧಾನ. ಅವಳ ರಾಜಕೀಯವೆಲ್ಲ ತಾಯ್ತನದ ಮುಂದುವರಿಕೆ ಎಂದುಕೊಂಡರೆ ಯಾರ ಮನಸ್ಸಿಗೂ ಕಿರಿಕಿರಿಯಾಗುವುದಿಲ್ಲ. ಅದೇ ಹೆಂಗಸು ಭಾನುವಾರ ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಪುಟ್ಟಣ್ಣ ಕಣಗಾಲರ ಹಳೆಯ ಸಿನಿಮಾ, ಅದೂ ನೋಡಿದ್ದನ್ನೇ ಮತ್ತೆ ನೋಡುತ್ತ ಕೂತರೆ? ಇದು ಯಾರಿಗಾಗಿ ಎಂದು ಕೇಳಿದರೆ ಮಕ್ಕಳ ಹೆಸರು ಹೇಳಲು ಬರುವುದಿಲ್ಲ. ನೆರೆಹೊರೆಯ ಹೆಸರು ಹೇಳಲೂ ಬರುವುದಿಲ್ಲ. ನನಗಾಗಿ ಎನ್ನಬೇಕು. ಆ ಉತ್ತರ ಕೊಡಲು ಎಂಥ ಗಟ್ಟಿಗಿತ್ತಿಗೂ ನಾಲಿಗೆ ತಡವರಿಸುತ್ತದೆ.

ಸಂಸಾರ, ಹೋರಾಟ, ಸಿನಿಮಾ ಮೂರೂ ಇರುವ ತಾಯಿಯನ್ನು ಕಂಡಾಗ, ಹೇಗಮ್ಮಾ ಇದೆಲ್ಲ ಸರಿದೂಗಿಸುತ್ತೀಯ ಎಂದು ಕೇಳುವವರ ಮನಸ್ಸಿನಲ್ಲಿ ಒಂದು ಕ್ರಮಾಂಕ ಆಗಲೇ ಸಿದ್ಧವಾಗಿರುತ್ತದೆ. ಮನೆ ಮೊದಲು, ಊರು ಆಮೇಲೆ, ಸಮಯ ಉಳಿದರೆ ಸಿನಿಮಾ. ಹೊತ್ತು ಸಾಲದಾದಾಗ ಮೊದಲು ಬಿಡಬೇಕಾದದ್ದು ಕೊನೆಯದು. ತಾಯಂದಿರೂ ಹಾಗೇ ನಂಬಿದ್ದೇವೆ. ಈ ಕ್ರಮಾಂಕವೇ ತಪ್ಪು ಎಂಬುದು ನನ್ನ ವಾದ. ಯಾರಿಗೂ ಉಪಯೋಗವಿಲ್ಲದ್ದು ಎನಿಸುವ ಆ ಎರಡೂವರೆ ಗಂಟೆಯನ್ನು ಬಿಟ್ಟುಕೊಟ್ಟ ತಾಯಿ ಹೋರಾಟಕ್ಕೆ ಹೋದರೆ, ಅವಳ ಮಟ್ಟಿಗೆ ಹೋರಾಟವೂ ಇನ್ನೊಂದು ಮನೆಗೆಲಸವಾಗಿಬಿಡುತ್ತದೆ.

ರಾಜಕೀಯಕ್ಕೆ ಬಿಡುವು ಬೇಕು ಎಂದು ಅರಿಸ್ಟಾಟಲ್ ಬಹಳ ಹಿಂದೆಯೇ ಹೇಳಿದ. ಹೊಟ್ಟೆಪಾಡಿನ ದುಡಿಮೆಯಲ್ಲೇ ಮುಳುಗಿದವನು ಒಳ್ಳೆಯ ನಾಗರಿಕನಾಗಲಾರ ಎಂಬುದು ಅವನ ಲೆಕ್ಕ. ಅಥೆನ್ಸಿನ ಗಂಡಸರಿಗೆ ಆ ಬಿಡುವು ದೊರಕುತ್ತಿದ್ದದ್ದು ಹೆಂಗಸರ ಮತ್ತು ಗುಲಾಮರ ದುಡಿಮೆಯಿಂದ. ಅವನು ಹೆಂಗಸರನ್ನು ಹೊರಗಿಟ್ಟದ್ದನ್ನು ನಾವು ತಳ್ಳಿಹಾಕಿದ್ದೇವೆ, ಸರಿ. ಆದರೆ ಬಿಡುವಿನ ಮಾತು ಸುಳ್ಳಾಗಲಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮಕ್ಕಳ, ಹಿರಿಯರ ಆರೈಕೆಯ ಲೆಕ್ಕ ಇದರಿಂದ ಹೊರಗೇ ಇದೆ. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಕಾಲು ಭಾಗ ಮೀಸಲಾತಿ ತರುವ ಕಾಯ್ದೆಯನ್ನು ಕರ್ನಾಟಕ 1983ರಲ್ಲೇ ಮಾಡಿತು, ಈಗ ಅದು ಅರ್ಧಕ್ಕೆ ಏರಿದೆ. ಹೆಮ್ಮೆಪಡುವ ವಿಷಯವೇ. ಆದರೆ ಕುರ್ಚಿ ಕೊಟ್ಟವರು ಬಿಡುವು ಕೊಡಲಿಲ್ಲ. ಸದಸ್ಯೆಯಾದವಳು ಒಂದು ಗಂಟೆ ಮುಂಚೆ ಎದ್ದು, ತಿಂಡಿ ಅಡುಗೆ ಎರಡೂ ಮುಗಿಸಿ ಸಭೆಗೆ ಓಡುತ್ತಾಳೆ. ಸಭೆಗೆ ಕೊಟ್ಟ ಹೊತ್ತು ಅವಳ ನಿದ್ದೆಯಿಂದ ಕಳೆಯುತ್ತದೆ, ಮನೆಗೆಲಸದಿಂದಲ್ಲ.

ಬಿಡುವು ಬೇಕು ಎಂದರೆ ಸುಮ್ಮನೆ ಒರಗಿಕೊಳ್ಳುವುದಕ್ಕೆ ಎಂದಲ್ಲ. ಐರಿಸ್ ಮರ್ಡಾಕ್ ಎಂಬ ಕಾದಂಬರಿಕಾರ್ತಿ, ತತ್ವಜ್ಞಾನಿ 1970ರಲ್ಲಿ ಪುಸ್ತಕವಾಗಿ ಬಂದ ತಮ್ಮ ಪ್ರಬಂಧಗಳಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ನಮ್ಮ ಮನೆಗಳಿಂದಲೇ ಎತ್ತಿಕೊಂಡಂತಿದೆ. ಒಬ್ಬ ಅತ್ತೆ, ಒಬ್ಬ ಸೊಸೆ. ಸೊಸೆಯದು ಗದ್ದಲದ ಸ್ವಭಾವ, ನಯನಾಜೂಕಿಲ್ಲ, ಮಗನಿಗೆ ತಕ್ಕವಳಲ್ಲ ಎಂದು ಅತ್ತೆಯ ಅಭಿಪ್ರಾಯ. ಹೊರಗೆ ಮಾತ್ರ ಒಂದಿಷ್ಟೂ ತೋರಿಸಿಕೊಳ್ಳದೆ ಚೆನ್ನಾಗಿ ನಡೆದುಕೊಳ್ಳುತ್ತಾಳೆ. ಸೊಸೆ ದೂರ ದೇಶಕ್ಕೆ ಹೋಗುತ್ತಾಳೆ ಎಂದಿಟ್ಟುಕೊಳ್ಳಿ. ಅತ್ತೆ ಒಬ್ಬಳೇ ಕೂತು, ನನಗೆ ಹೊಟ್ಟೆಕಿಚ್ಚಿರಬಹುದು, ನಾನು ಹಳೇ ಕಾಲದವಳಿರಬಹುದು, ಮತ್ತೊಮ್ಮೆ ನೋಡುತ್ತೇನೆ ಎಂದುಕೊಳ್ಳುತ್ತಾಳೆ. ಹಾಗೆ ನೋಡುತ್ತ ಹೋದಂತೆ ಗದ್ದಲ ಅನಿಸಿದ್ದು ಲವಲವಿಕೆಯಾಗಿ, ಒರಟು ಅನಿಸಿದ್ದು ಕಪಟವಿಲ್ಲದ ಸರಳತೆಯಾಗಿ ಕಾಣತೊಡಗುತ್ತದೆ. ಹೊರಗೆ ಏನೂ ನಡೆದಿಲ್ಲ, ಯಾರಿಗೂ ಗೊತ್ತೂ ಆಗಿಲ್ಲ. ಆದರೂ ಅತ್ತೆ ಒಂದು ನೈತಿಕ ಕೆಲಸ ಮಾಡಿದ್ದಾಳೆ ಎನ್ನುತ್ತಾರೆ ಮರ್ಡಾಕ್. ನ್ಯಾಯವಾಗಿ, ಅಕ್ಕರೆಯಿಂದ ಮತ್ತೊಮ್ಮೆ ನೋಡುವುದೇ ಆ ಕೆಲಸ.

ಈ ಕೆಲಸಕ್ಕೆ ಮನೆಯಲ್ಲೂ ಹೊತ್ತಿಲ್ಲ, ಧರಣಿಯಲ್ಲೂ ಹೊತ್ತಿಲ್ಲ. ಮಗು ಬಿದ್ದರೆ ಕೈ ಮೊದಲು ಮುಂದಾಗಬೇಕು, ನೋಟ ಆಮೇಲೆ. ಮೆರವಣಿಗೆಯಲ್ಲಿ ಘೋಷಣೆ ಮೊದಲೇ ತಯಾರಾಗಿರುತ್ತದೆ, ಎದುರು ಪಕ್ಷ ಯಾರೆಂಬುದೂ ತೀರ್ಮಾನವಾಗಿರುತ್ತದೆ. ಲಾಠಿ ಹಿಡಿದ ಪೊಲೀಸರ ಮುಂದೆ ನಿಂತು ಮರುಯೋಚನೆ ಮಾಡುತ್ತ ಕೂರಲು ಆಗುವುದಿಲ್ಲ, ಮಾಡಲೂಬಾರದು. ಆದರೆ ಎಲ್ಲಿಯೂ ಎಂದೂ ಮತ್ತೊಮ್ಮೆ ನೋಡದವಳಿಗೆ ಮನೆಯಲ್ಲಿ ತನ್ನ ಮಕ್ಕಳು ಮಾತ್ರ ಮಕ್ಕಳಾಗಿ ಕಾಣುತ್ತಾರೆ, ಚಳವಳಿಯಲ್ಲಿ ಜನ ಕೇವಲ ಸಂಖ್ಯೆಯಾಗಿ ಕಾಣುತ್ತಾರೆ. ಎರಡೂ ಅಪಾಯವೇ.

ಹಳೆಯ ಸಿನಿಮಾ ನನಗೆ ಮುಖ್ಯವಾಗುವುದು ಇಲ್ಲಿ. ಹೊಸ ಚಿತ್ರದಲ್ಲಿ ಮುಂದೇನು ಎಂಬ ಕುತೂಹಲ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಕತೆ ಗೊತ್ತಿರುವ ಚಿತ್ರದಲ್ಲಿ ಕಣ್ಣಿಗೆ ಸ್ವಾತಂತ್ರ್ಯ. ನಾಯಕಿಯ ಮುಖ ಬಿಟ್ಟು ಮೂಲೆಯಲ್ಲಿ ನಿಂತವರನ್ನು ನೋಡಬಹುದು. 1971ರ ‘ಶರಪಂಜರ’ವನ್ನೇ ತೆಗೆದುಕೊಳ್ಳಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಹೆರಿಗೆಯ ನಂತರ ಮನಸ್ಸಿನ ಸ್ತಿಮಿತ ತಪ್ಪಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದವಳನ್ನು ಮನೆ ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ನೋಡಿದಾಗ ನನಗೆ ಕಾವೇರಿಯನ್ನು ಕಂಡರೇ ಭಯ. ಬಾಣಂತನ ಮುಗಿಸಿ, ಕೂಸನ್ನು ಮಲಗಿಸಿ ನೋಡಿದಾಗ ನನ್ನ ಕಣ್ಣು ಕಲ್ಪನಾ ಮೇಲೆ ನಿಲ್ಲಲೇ ಇಲ್ಲ, ಸುತ್ತಲಿನವರ ಮೇಲೆ ಹೋಯಿತು. ಅವಳು ಮಾತಾಡಿದರೆ ಆ ಮಾತನ್ನು ಯಾರೂ ಕೇಳುವುದಿಲ್ಲ, ಮಾತಿನೊಳಗೆ ಹುಚ್ಚಿನ ಗುರುತು ಹುಡುಕುತ್ತಾರೆ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡ ಬೇರೊಬ್ಬಳ ಸಂಗ ಮಾಡಿದ್ದಾನೆ ಎಂಬ ಸತ್ಯವನ್ನು ಹೇಳಿದರೂ ಅದು ಕಾಯಿಲೆಯ ಮಾತಾಗುತ್ತದೆ. ಚಿತ್ರದಲ್ಲಿ ಒಂದು ಚೌಕಟ್ಟೂ ಬದಲಾಗಿರಲಿಲ್ಲ.

ಕಲ್ಪನಾ 1979ರಲ್ಲಿ ಹೋದರು, ಪುಟ್ಟಣ್ಣ 1985ರಲ್ಲಿ. ತ್ರಿವೇಣಿಯವರಂತೂ ಹೆರಿಗೆಯಾದ ಕೆಲವೇ ದಿನಗಳಲ್ಲಿ, 1963ರಲ್ಲೇ ತೀರಿಕೊಂಡಿದ್ದರು. ಕಾವೇರಿಗೆ ನಾವು ಈಗ ಏನೂ ಮಾಡಿಕೊಡಲಾರೆವು. ತಾಯಿಯಾದವಳಿಗೆ ದಿನವಿಡೀ ಯಾರಿಗಾದರೂ ಏನಾದರೂ ಮಾಡಿಕೊಡುವುದೇ ಬದುಕು. ಮಾಡಲು ಏನೂ ಇಲ್ಲದೆ, ಬರೀ ನೋಡುವುದಕ್ಕೆ ಮಾತ್ರ ಅವಕಾಶವಿರುವ ಅಪರೂಪದ ಜಾಗ ಹಳೆಯ ಸಿನಿಮಾ. ಅಲ್ಲಿ ಕಂಡದ್ದು ಅಲ್ಲೇ ಉಳಿಯುವುದೂ ಇಲ್ಲ. ಹೆರಿಗೆಯಾದ ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಹಲವು ಸಲ ಬಾಣಂತಿಯ ಮನೆಗೆ ಬಂದು ಮಗುವಿನ ತೂಕ, ಮೈಬಿಸಿ, ಎದೆಹಾಲು ವಿಚಾರಿಸುತ್ತಾರೆ. ಕಾವೇರಿಯ ಮನೆಯವರನ್ನು ಸರಿಯಾಗಿ ನೋಡಿದ ತಾಯಿ ಗ್ರಾಮಸಭೆಯಲ್ಲಿ ಎದ್ದು ನಿಂತು, ಬಾಣಂತಿಗೆ ನಿದ್ದೆ ಬರುತ್ತಿದೆಯೇ ಎಂದೂ ಕೇಳಿಸಿ, ಮನೆಯವರ ಜೊತೆಗೂ ಕೂತು ಮಾತಾಡಿಸಿ ಎಂದು ಹೇಳಬಲ್ಲಳು. ಇಂಥ ಬೇಡಿಕೆ ಮೊದಲು ಹುಟ್ಟುವುದು ಕರಪತ್ರದಲ್ಲಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹೆಂಗಸರನ್ನು ಮನೆಯೊಳಗೆ ಕೂರಿಸಿದ್ದರಲ್ಲಿ ಈ ಹಳೆಯ ಸಿನಿಮಾಗಳ ಪಾಲು ಸಣ್ಣದಲ್ಲ. ತ್ಯಾಗಮಯಿ ತಾಯಿಯ ಚಿತ್ರವನ್ನು ನಮ್ಮ ತಲೆಯಲ್ಲಿ ಕೂರಿಸಿದ್ದೇ ಅವು. ಕಾವೇರಿ ಮತ್ತೆ ಹುಚ್ಚಾಸ್ಪತ್ರೆಗೆ ಹೋಗುತ್ತಾಳೆ. ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿ ಸಾಯುತ್ತಾಳೆ. ಬಯಸಿದ ಹೆಣ್ಣಿಗೆ ಶಿಕ್ಷೆ ತಪ್ಪುವುದಿಲ್ಲ. ಆಕ್ಷೇಪ ನಿಜ. ಆದರೆ ಪ್ರೇಕ್ಷಕಿ ಅಂತ್ಯವನ್ನು ಒಪ್ಪಿಕೊಂಡೇ ಎದ್ದು ಬರುತ್ತಾಳೆ ಎಂದು ಯಾಕೆ ತಿಳಿಯಬೇಕು? ಮಾಧವಿ ಯಾಕೆ ಸಾಯಬೇಕಿತ್ತು ಎಂದು ಜಗಲಿಯಲ್ಲಿ, ಬಸ್ಸಿನಲ್ಲಿ ಜಗಳವಾಡಿದ ಹೆಂಗಸರನ್ನು ನಾನು ಬಲ್ಲೆ. ಇಷ್ಟವಾದ ಚಿತ್ರದ ಅಂತ್ಯದ ಜೊತೆ ಜಗಳ ತೆಗೆಯುವವಳು, ಇದು ಹೀಗೇ ಆಗಬೇಕಿಲ್ಲ ಎಂಬ ಮಾತನ್ನು ಅಭ್ಯಾಸ ಮಾಡುತ್ತಿರುತ್ತಾಳೆ. ಗ್ರಾಮಸಭೆಯಲ್ಲಿ ಬೇಕಾಗುವುದು ಅದೇ ಮಾತು.

ಹಾಗೆಂದು ಸಿನಿಮಾ ನೋಡಿದವರೆಲ್ಲ ತಾವಾಗಿ ನೆಟ್ಟಗಾಗುತ್ತಾರೆ ಎನ್ನಲಾರೆ. ವೈದೇಹಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 2008ರಲ್ಲಿ ಮಾಡಿದ ‘ಗುಲಾಬಿ ಟಾಕೀಸ್’ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಕರಾವಳಿಯ ಸೂಲಗಿತ್ತಿ ಗುಲಾಬಿಗೆ ಸಿನಿಮಾದ ಹುಚ್ಚು. ಅವಳ ಗುಡಿಸಲಿಗೆ ಟಿ.ವಿ. ಬಂದಾಗ ಮೀನುಗಾರರ ಕೇರಿಯ ಹೆಂಗಸರು ಸೇರುತ್ತಾರೆ. ಗುಲಾಬಿ ಮುಸ್ಲಿಂ ಎಂದು ಕೆಲವರು ಬರುವುದೇ ಇಲ್ಲ, ಇನ್ನು ಕೆಲವರು ಒಳಗೆ ಕಾಲಿಡದೆ ಹೊರಗೆ ನಿಂತೇ ನೋಡುತ್ತಾರೆ. ಅವರು ನೋಡುತ್ತಿರುವುದು ಒಂದೇ ಪರದೆ. ಪರದೆ ತಾನಾಗಿ ಹೊಸ್ತಿಲು ದಾಟಿಸುವುದಿಲ್ಲ.

ದಾಟಿಸುವುದು ಏನು ಎಂದು ಕೇಳಿದರೆ ನಾನು 1954ರ ‘ಸಾಲ್ಟ್ ಆಫ್ ದಿ ಅರ್ತ್’ ಚಿತ್ರದ ಕಡೆ ಕೈ ತೋರಿಸುತ್ತೇನೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸತುವಿನ ಗಣಿ ಕಾರ್ಮಿಕರು 1950ರಿಂದ 1952ರವರೆಗೆ ನಡೆಸಿದ ನಿಜವಾದ ಮುಷ್ಕರದ ಕತೆ ಅದು. ನಿರ್ದೇಶಕ ಹರ್ಬರ್ಟ್ ಬೈಬರ್‌ಮನ್ ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿ ಜೈಲು ಕಂಡವರು. ನಾಯಕಿ ರೊಸೌರಾ ರೆವುಏಲ್ತಾಸ್ ಅವರನ್ನು ಚಿತ್ರೀಕರಣ ಮುಗಿಯುವ ಮೊದಲೇ ಬಂಧಿಸಿ ಮೆಕ್ಸಿಕೊಗೆ ಕಳಿಸಿದರು. ನಾಯಕನ ಪಾತ್ರ ಮಾಡಿದ ಹುವಾನ್ ಚಕೋನ್ ಆ ಕಾರ್ಮಿಕ ಸಂಘದ ಮುಂದಾಳೇ. ಗಂಡಸರು ಪಹರೆ ನಿಲ್ಲಬಾರದೆಂದು ನ್ಯಾಯಾಲಯ ಆದೇಶಿಸುತ್ತದೆ. ಆದೇಶ ಇರುವುದು ಗಣಿಗಾರರಿಗೆ, ನಮಗಲ್ಲವಲ್ಲ ಎಂದು ಹೆಂಡತಿಯರು ಗಣಿಯ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ, ಕೂಸುಗಳ ಸಮೇತ ಜೈಲಿಗೂ ಹೋಗುತ್ತಾರೆ.

ನಾನು ಮತ್ತೆ ಮತ್ತೆ ನೋಡುವುದು ಜೈಲಿನ ದೃಶ್ಯವನ್ನಲ್ಲ, ಬಟ್ಟೆ ಒಣಹಾಕುವ ದೃಶ್ಯವನ್ನು. ಮನೆಗಳಿಗೆ ಬಿಸಿನೀರಿನ ನಲ್ಲಿ, ಸರಿಯಾದ ಕೊಳಾಯಿ ಬೇಕು ಎಂಬುದನ್ನು ಬೇಡಿಕೆಗಳ ಪಟ್ಟಿಗೆ ಸೇರಿಸಿ ಎಂದು ಹೆಂಗಸರು ಮೊದಲೇ ಕೇಳಿರುತ್ತಾರೆ. ಗಣಿಯ ಸುರಕ್ಷತೆ ಮುಖ್ಯ, ಅದೆಲ್ಲ ಆಮೇಲೆ ಎಂದು ಗಂಡಸರು ತಳ್ಳಿಹಾಕಿರುತ್ತಾರೆ. ಈಗ ನಾಯಕ ರಾಮೋನ್‌ನ ಹೆಂಡತಿ ಎಸ್ಪೆರಾನ್ಸಾ ಹೊರಗೆ. ರಾಮೋನ್ ಸೌದೆ ಒಟ್ಟಿ, ನೀರು ಕಾಯಿಸಿ, ಮಕ್ಕಳ ಬಟ್ಟೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದಾನೆ. ಪಕ್ಕದ ಹಿತ್ತಲಲ್ಲಿ ಗೆಳೆಯನೂ ಅದೇ ಕೆಲಸದಲ್ಲಿದ್ದಾನೆ. ಒದ್ದೆ ಬಟ್ಟೆ ಕೈಯಲ್ಲಿರುವಾಗಲೇ ರಾಮೋನ್‌ಗೆ ಹೊಳೆಯುತ್ತದೆ, ಬಿಸಿನೀರು ಮೊದಲಿನಿಂದಲೇ ಸಂಘದ ಬೇಡಿಕೆಯಾಗಬೇಕಿತ್ತು ಎಂದು. ಭಾಷಣದಿಂದ ಆಗದ್ದು ಹಂಡೆಯ ಮುಂದೆ ಕೂತಾಗ ಆಯಿತು. ರಾಮೋನ್ ತನ್ನ ಮನೆಯನ್ನು ಮತ್ತೊಮ್ಮೆ ನೋಡಿದ.

ಅದೇ ಚಿತ್ರದಲ್ಲಿ ಒಂದು ರೇಡಿಯೊ ಇದೆ. ಕಂತಿನ ಮೇಲೆ ತಂದದ್ದು. ಮೂರನೆಯ ಬಸುರಿಯಾಗಿರುವ ಎಸ್ಪೆರಾನ್ಸಾಗೆ ಆ ಮನೆಯಲ್ಲಿ ಸಂತೋಷ ಕೊಡುವ ವಸ್ತು ಅದೊಂದೇ, ಗಂಡ ಸಿಡುಕುವುದೂ ಅದರ ಮೇಲೆಯೇ. ಮುಷ್ಕರದ ದಿನಗಳಲ್ಲಿ ಅದನ್ನು ಹೊತ್ತೊಯ್ಯಲು ಸಾಲದವರು ಬರುತ್ತಾರೆ. ರೇಡಿಯೊ ಮತ್ತು ಬಿಸಿನೀರು ಬೇರೆ ಬೇರೆ ವಿಷಯವಲ್ಲ ಎಂದು ನನಗೆ ಈ ಚಿತ್ರ ಕಲಿಸಿತು. ಬಿಸಿನೀರು ಬಂದರೆ ಅವಳಿಗೆ ಉಳಿಯುವ ಗಂಟೆಗಳು ಯಾವುದಕ್ಕಾಗಿ? ಇನ್ನಷ್ಟು ಒಗೆಯುವುದಕ್ಕಲ್ಲವಲ್ಲ.

ಇಲ್ಲಿಗೆ ನನ್ನ ವಾದದ ಮುಖ್ಯ ಎಳೆ ಸಿಕ್ಕಿತು. ಮಕ್ಕಳಿಗಾಗಿ ಎಂದು ಹೇಳಿ ಧರಣಿಗೆ ಹೊರಡುವ ತಾಯಿ ಮನೆಯ ಕೆಲಸ ಹಂಚಿಕೊಳ್ಳಿ ಎಂದು ಕೇಳದೆಯೇ ಹೊರಡಬಹುದು. ಎಲ್ಲ ಮಾಡಿಟ್ಟು ಹೋಗುತ್ತಾಳೆ, ಎಲ್ಲರೂ ಮೆಚ್ಚುತ್ತಾರೆ. ಸಿನಿಮಾಕ್ಕೆ ಆ ಮುಸುಕು ಇಲ್ಲ. ನನಗೆ ನೋಡಬೇಕೆನಿಸಿದೆ, ಕುಕ್ಕರ್ ನೀವು ಇಡಿ ಎಂದು ಬಾಯಿಬಿಟ್ಟು ಹೇಳಬೇಕು. ಆಗ ಗಂಡನೂ ದೊಡ್ಡ ಮಗನೂ ಅಡುಗೆಮನೆಗೆ ಹೋಗಬೇಕು, ಇಲ್ಲವೇ ಜಗಳವಾಗಬೇಕು. ಎರಡರಲ್ಲಿ ಯಾವುದಾದರೂ ರಾಜಕೀಯವೇ, ಅದೂ ತೀರಾ ಬುಡಮಟ್ಟದ್ದು.

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯುವಾಗ ನಾವು ಪುಟ್ಟ ಮಗನ ತಾಯಿಯಾಗಿ ಅವರು ಮದ್ರಾಸ್ ಶಾಸನಸಭೆಗೆ 1926ರಲ್ಲಿ ಸ್ಪರ್ಧಿಸಿದ್ದನ್ನು ಹೇಳುತ್ತೇವೆ, 1930ರಲ್ಲಿ ಮುಂಬೈಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದದ್ದನ್ನು ಹೇಳುತ್ತೇವೆ. ಮರುವರ್ಷ ತೆರೆಗೆ ಬಂದ ‘ಮೃಚ್ಛಕಟಿಕ’ ಮೂಕಿಚಿತ್ರದಲ್ಲಿ ನಟಿಸಿದ್ದು ಅಡಿಟಿಪ್ಪಣಿಯಾಗುತ್ತದೆ. ಸಂಭಾವಿತ ಮನೆತನದ ಹೆಂಗಸು ಕ್ಯಾಮೆರಾ ಮುಂದೆ ನಿಲ್ಲುವುದು ಅವಮಾನ ಎನಿಸಿದ್ದ ಕಾಲ ಅದು. ದೇಶಕ್ಕಾಗಿ ಜೈಲಿಗೆ ಹೋದವರನ್ನು ಕ್ಷಮಿಸಬಹುದು, ಸಿನಿಮಾಕ್ಕೆ ಹೋದವರನ್ನು ಹಾಗಲ್ಲ. ನನ್ನ ಕಣ್ಣಿಗೆ ಅವರ ಧೈರ್ಯ ಎರಡು ಕಡೆಯೂ ಒಂದೇ.

ಕೆ.ವಿ. ಸುಬ್ಬಣ್ಣನವರ ನೀನಾಸಮ್ ಹೆಗ್ಗೋಡಿನಂಥ ಹಳ್ಳಿಯಲ್ಲಿ 1973ರಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಕಲೆ ಹೊಟ್ಟೆ ತುಂಬಿದವರಿಗೆ ಮಾತ್ರ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಇವತ್ತಿನ ಸ್ತ್ರೀಶಕ್ತಿ ಸಂಘ, ಕಾರ್ಮಿಕ ಸಂಘ, ಬಡಾವಣೆಯ ವೇದಿಕೆಗಳು ಅದನ್ನು ಮುಂದುವರಿಸಬೇಕು. ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ, ಅಂಗನವಾಡಿ ಗೋಡೆಯೇ ಪರದೆಯಾದೀತು. ‘ಶರಪಂಜರ’ ಹಾಕಿ, ‘ಗುಲಾಬಿ ಟಾಕೀಸ್’ ಹಾಕಿ, ಗಣಿಯ ಹೆಂಗಸರ ಚಿತ್ರವನ್ನು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳುತ್ತ ತೋರಿಸಲಿ. ಮುಗಿದ ಮೇಲೆ ಮಾತಿಗೆ ಕಡಿಮೆಯೆಂದರೂ ಒಂದು ಗಂಟೆ ಇರಲಿ. ಸಂಘಟಕರು ಸಾಮಾನ್ಯವಾಗಿ ಸಂಜೆ ಏಳು ಗಂಟೆ ಎಂದು ಬರೆದುಬಿಡುತ್ತಾರೆ, ಅದು ರೊಟ್ಟಿ ಬಡಿಯುವ ಹೊತ್ತು. ಏಳು ಗಂಟೆಯೇ ಇರಲಿ. ಆ ದಿನ ಕೇರಿಯ ಅಡುಗೆ ಗಂಡಸರದು, ಮಕ್ಕಳನ್ನು ಮಲಗಿಸುವುದೂ ಅವರದೇ ಎಂದು, ಯಾವ ಮನೆಯಲ್ಲಿ ಯಾರ ಪಾಳಿ ಎನ್ನುವುದರ ಸಮೇತ, ಅದೇ ಕರಪತ್ರದಲ್ಲಿ ಅಚ್ಚು ಹಾಕಿಸಲಿ.