ಕೊಪ್ಪದೋಳು

"ಅಮ್ಮ, ನಮ್ಮ ಸರ್‌ನೇಮ್ ಏನು?"

ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳಿಗೆ ಸಾಸಿವೆಯ ಚಟಪಟದಲ್ಲಿ ಮಗಳ ಮಾತು ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ ಮೇಲೂ ಅರ್ಥವಾಗಲಿಲ್ಲ. ನಮಗೆಲ್ಲಿಯ ಸರ್‌ನೇಮು? ಮೈಸೂರು ಸೀಮೆಯವರಾದ ನಮಗೆ ಇರುವುದು ಹೆಸರಿನ ಮುಂದೆ ಎರಡು ಅಕ್ಷರ. ಒಂದು ಊರಿನದು, ಇನ್ನೊಂದು ಅಪ್ಪನದು. ಮದುವೆಯಾದ ಹೆಣ್ಣಾದರೆ ಗಂಡನದು.

ಮಗಳು ಮೇಲಿನ ಓದಿಗೆ ಪರದೇಶಕ್ಕೆ ಹೋಗಬೇಕು. ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಪಾಸ್‌ಪೋರ್ಟಿನ ಅರ್ಜಿ ತುಂಬುತ್ತಿದ್ದಳು. ಬರಿಯ ಅಕ್ಷರ ಬರೆದರೆ ನಡೆಯುವುದಿಲ್ಲವಂತೆ, ಬಿಡಿಸಿ ಬರೆಯಬೇಕಂತೆ. ಅವಳ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಮೊದಲು ಇರುವುದು 'ಎಚ್'. ಎಚ್ ಅಂದರೆ ಹಲಗೂರು. ಮಳವಳ್ಳಿ ತಾಲ್ಲೂಕಿನ ಹಲಗೂರು ನನ್ನ ಯಜಮಾನರ ಊರು.

"ಹಲಗೂರು ಅಂತ ಹಾಕು" ಅಂದೆ.

"ನಾನು ಹಲಗೂರಿಗೆ ಹೋಗಿರೋದೇ ನಾಲ್ಕೈದು ಸಲ. ಬೇಸಿಗೆ ರಜಾ ಎಲ್ಲಾ ಕಳೆದಿದ್ದು ಕೊಪ್ಪದಲ್ಲಿ. ಕೊಪ್ಪ ಅಂತ ಯಾಕೆ ಹಾಕಬಾರದು?"

ನಾನು ನಕ್ಕು ಸುಮ್ಮನಾದೆ. ಅವಳೇನೋ ತಮಾಷೆಗೆ ಕೇಳಿದ್ದಳು. ನನಗೆ ಮಾತ್ರ ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಕೊಪ್ಪ ನನ್ನ ತವರು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಪ್ಪ. ಹೀಗೆ ಬಿಡಿಸಿ ಹೇಳಲೇಬೇಕು. ಇಲ್ಲವಾದರೆ ಕೇಳಿದವರು ಮಲೆನಾಡಿನ ಕೊಪ್ಪ ಎಂದುಕೊಂಡು, "ಓ, ಅಡಿಕೆ ತೋಟ ಉಂಟೇನ್ರೀ?" ಎನ್ನುತ್ತಾರೆ. ನಮ್ಮದು ಕಬ್ಬಿನ ಕೊಪ್ಪ. ಕನ್ನಂಬಾಡಿಯ ನೀರು, ಆಲೆಮನೆಯ ಹೊಗೆ, ಕಬ್ಬಿನ ಗಾಡಿಗಳ ಸಾಲು ಇವೇ ನನ್ನ ಬಾಲ್ಯ. ಪಿರಿಯಾಪಟ್ಟಣದ ಕಡೆಯೂ ಒಂದು ಕೊಪ್ಪವಿದೆ. ನಾನಿರುವ ಈ ಮೈಸೂರಿನಲ್ಲೇ ಒಂಟಿಕೊಪ್ಪಲು, ಮಂಚೇಗೌಡನಕೊಪ್ಪಲು ಇವೆ. ಕೊಪ್ಪ, ಕೊಪ್ಪಲು ಎಂದರೆ ಸಣ್ಣ ಹಳ್ಳಿ, ನಾಲ್ಕು ಮನೆ ಕಟ್ಟಿಕೊಂಡು ಜನ ನೆಲೆನಿಂತ ಜಾಗ, ಅಷ್ಟೆ. ಕನ್ನಡ ಮಾತಾಡುವ ಕಡೆಯಲ್ಲೆಲ್ಲ ಅದು ಚೆಲ್ಲಿಕೊಂಡಿದೆ.

ನಮ್ಮ ಹಿಂದಿನ ಬೀದಿಗೆ ಕೆಲವು ವರ್ಷಗಳ ಹಿಂದೆ ಧಾರವಾಡದ ಕಡೆಯವರೊಬ್ಬರು ಬಾಡಿಗೆಗೆ ಬಂದಿದ್ದರು. ಗೇಟಿನ ಮೇಲೆ ಹೆಸರಿನ ಕೊನೆಗೆ 'ಕೊಪ್ಪದ' ಎಂದಿತ್ತು. ನನಗೆ ತವರಿನವರು ಸಿಕ್ಕಷ್ಟು ಸಂಭ್ರಮ. ಕುಂಕುಮಕ್ಕೆ ಕರೆದಾಗ ಕೇಳಿಯೇಬಿಟ್ಟೆ, "ನಿಮ್ಮ ಹಿರೀಕರು ಯಾವ ಕೊಪ್ಪದವರು?"

ಆಕೆ ನಕ್ಕರು. "ಯಾರಿಗೆ ಗೊತ್ರೀ ಅಕ್ಕಾರ? ನಮ್ಮ ಕಡೆ ಅಡ್ಡಹೆಸರು ಹಂಗ ಬಂದಿರ್ತಾವ. ಮೆಣಸಿನಕಾಯಿ ಅಂತ ಇರ್ತಾರ, ಉಳ್ಳಾಗಡ್ಡಿ ಅಂತ ಇರ್ತಾರ. ಅವರು ಈಗ ಅದನ್ನ ಮಾರ್ತಾರೇನು? ನಮ್ಮ ಮಾವನವರ ಅಜ್ಜ ಯಾವುದೋ ಕೊಪ್ಪ ಬಿಟ್ಟು ಬಂದಿರಬೇಕು."

ಬಿಟ್ಟು ಬಂದಿರಬೇಕು! ಅವರು ಸಹಜವಾಗಿ ಆಡಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನೋಡಿ, ಕೊಪ್ಪದಲ್ಲಿದ್ದಾಗ ನಮ್ಮನ್ನು ಯಾರೂ ಕೊಪ್ಪದವರು ಎನ್ನುತ್ತಿರಲಿಲ್ಲ. ಅಲ್ಲಿ ಎಲ್ಲರೂ ಕೊಪ್ಪದವರೇ. ಒಂದೇ ಹೆಸರಿನ ಮೂವರಿದ್ದರೆ ಆಲೆಮನೆಯೋರು, ಬಾವಿಮನೆಯೋರು, ಮೂಲೆಮನೆಯೋರು ಎಂದು ಗುರುತು. ಊರಿನ ಹೆಸರು ಮನುಷ್ಯನಿಗೆ ಅಂಟಿಕೊಳ್ಳುವುದು ಆತ ಊರು ಬಿಟ್ಟಾಗ. ನಮ್ಮ ಜಿಲ್ಲೆಯ ದೊಡ್ಡವರನ್ನೇ ನೋಡಿ. ಬಿ.ಎಂ.ಶ್ರೀಯವರ 'ಬಿ' ನಾಗಮಂಗಲದ ಬೆಳ್ಳೂರು. ಎ.ಎನ್. ಮೂರ್ತಿರಾಯರ 'ಎ' ಅಕ್ಕಿಹೆಬ್ಬಾಳು. ಕೆ.ಎಸ್. ನರಸಿಂಹಸ್ವಾಮಿಯವರ 'ಕೆ' ಕಿಕ್ಕೇರಿ. ಎಸ್.ಎಂ. ಕೃಷ್ಣ ಅವರ 'ಎಸ್' ನಮ್ಮದೇ ಮದ್ದೂರು ತಾಲ್ಲೂಕಿನ ಸೋಮನಹಳ್ಳಿ. ಬೆಸಗರಹಳ್ಳಿ ರಾಮಣ್ಣನವರಂತೂ ಊರನ್ನು ಒಂದಕ್ಷರಕ್ಕೆ ಇಳಿಸದೆ ಇಡಿಯಾಗಿ ಹೊತ್ತುಕೊಂಡವರು. ಹಳ್ಳಿಯಿಂದ ಹೊರಟವನು ಬುತ್ತಿಯ ಜೊತೆಗೆ ಊರ ಹೆಸರನ್ನೂ ಕಟ್ಟಿಕೊಂಡು ಹೋಗುತ್ತಾನೆ.

ಇದು ನಮ್ಮಲ್ಲಿ ಮಾತ್ರ ಇರುವ ಸಂಗತಿಯೂ ಅಲ್ಲ. ನಗರಸಭೆಯವರು ಸೊಳ್ಳೆಮರಿ ತಿನ್ನಲೆಂದು ತೊಟ್ಟಿ, ಬಾವಿಗಳಿಗೆ ಬಿಡುವ ಗಪ್ಪಿ ಮೀನು ನಿಮಗೆ ಗೊತ್ತಲ್ಲ? ಗಪ್ಪಿ ಎನ್ನುವುದು ಇಂಗ್ಲೆಂಡಿನ ಒಂದು ಅಪರೂಪದ ಮನೆತನದ ಹೆಸರು. ಅದರ ಮೂಲ ಡಾರ್ಸೆಟ್ ಎಂಬ ಸೀಮೆಯಲ್ಲಿರುವ ಗಪ್ಪಿ ಎಂಬ ಪುಟ್ಟ ಜಾಗ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೂ ಒಂದು ಕೊಪ್ಪ. ಅಲ್ಲಿಂದ ಹೊರಟವರು ಗಪ್ಪಿಗಳಾದರು. ಆ ಮನೆತನದ ಒಬ್ಬರು ವೆಸ್ಟ್ ಇಂಡೀಸಿನ ಟ್ರಿನಿಡಾಡಿನಿಂದ ಈ ಮೀನನ್ನು ಲಂಡನ್ನಿನ ಮ್ಯೂಸಿಯಮ್ಮಿಗೆ ಕಳಿಸಿದರು. 1866ರಲ್ಲಿ ಅಲ್ಲಿಯ ವಿಜ್ಞಾನಿ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಹಾಗೆ ಯಾವುದೋ ದೇಶದ ಹಳ್ಳಿಯೊಂದರ ಹೆಸರು ಇವತ್ತು ನಮ್ಮ ನೀರಿನ ತೊಟ್ಟಿಯಲ್ಲಿ ಈಜಾಡುತ್ತಿದೆ!

ಅದೇ ಹೆಸರಿನ ಇನ್ನೊಬ್ಬರು ಹೆನ್ರಿ ಗಪ್ಪಿ. 1890ರಲ್ಲಿ ಅವರು ಬ್ರಿಟನ್ನಿನ ಮನೆತನದ ಹೆಸರುಗಳ ತವರು ಯಾವುದು, ಯಾವ ಹೆಸರು ಯಾವ ಸೀಮೆಯಲ್ಲಿ ಹೆಚ್ಚು ಎಂದು ಒಂದು ಪುಸ್ತಕ ಬರೆದರು. ಅದಕ್ಕೆ ಅವರು ಲೆಕ್ಕ ಹಾಕಿದ್ದು ರೈತರ ಹೆಸರುಗಳನ್ನು. ರೈತ ನೆಲ ಬಿಟ್ಟು ಕದಲುವವನಲ್ಲ, ಅವನು ಎಲ್ಲಿದ್ದಾನೋ ಅಲ್ಲೇ ಆ ಹೆಸರಿನ ಬೇರು ಎಂಬುದು ಅವರ ತರ್ಕ. ಒಳ್ಳೆಯ ತರ್ಕವೇ. ಆದರೆ ಆ ರೈತನ ಹೆಂಡತಿ? ಅವಳು ಬೇರೆ ಊರಿನಿಂದ ಬಂದವಳು. ಅವಳ ಹೆಸರು ಯಾವ ಲೆಕ್ಕದಲ್ಲೂ ಇಲ್ಲ. ಅವಳೂ ಗಂಡನ ಹೆಸರಿನೊಳಗೆ ಸೇರಿಹೋದಳು.

ಇಲ್ಲಿಗೆ ಬಂದಾಗ ನನಗೆ ಒಂದು ವಿಚಿತ್ರ ಕಾಣಿಸಿತು. ಊರು ಬಿಟ್ಟವರಿಗೆ ಊರಿನ ಹೆಸರು ಬರುತ್ತದೆ ಎಂದಾದರೆ, ನಿಜವಾಗಿ ಊರು ಬಿಡುವವರು ಯಾರು? ಗಂಡಸರಲ್ಲಿ ನೂರಕ್ಕೆ ಎಷ್ಟೋ ಮಂದಿ ಹುಟ್ಟಿದ ಮನೆಯಲ್ಲೇ ಕಣ್ಣು ಮುಚ್ಚುತ್ತಾರೆ. ಹೆಣ್ಣು ಮಾತ್ರ ಬಿಡಲೇಬೇಕು. ಹಾಗೆ ಬಿಟ್ಟವಳಿಂದಲೇ ಕಾಗದದಲ್ಲಿ ಊರನ್ನು ಕಿತ್ತುಕೊಳ್ಳುತ್ತೇವೆ. ಮದುವೆಗೆ ಮುಂಚೆ ನನ್ನ ಹೆಸರಿನ ಮುಂದೆ 'ಕೆ' ಇತ್ತು. ರೇಷನ್ ಕಾರ್ಡಿಗೆ ಸೇರಿಸಿದ ದಿನ ಅದು 'ಎಚ್' ಆಯಿತು. ಯಾರೂ ಬಲವಂತ ಮಾಡಲಿಲ್ಲ. ಮದುವೆಯಾದ ಹೆಣ್ಣು ಹೆಸರು ಬದಲಾಯಿಸಲೇಬೇಕೆಂದು ನಮ್ಮ ದೇಶದಲ್ಲಿ ಯಾವ ಕಾನೂನೂ ಇಲ್ಲ. ಕೇಳಬೇಕೆಂದು ನನಗೂ ತೋಚಲಿಲ್ಲ, ಅಷ್ಟೆ.

ಆದರೆ ಕಾಗದ ಕಿತ್ತುಕೊಂಡದ್ದನ್ನು ಬಾಯಿಮಾತು ಉಳಿಸಿತು ಎನ್ನಬೇಕು. ಹಲಗೂರಿನಲ್ಲಿ ನನ್ನ ಹೆಸರು ಹಿಡಿದು ಕರೆದವರು ಕಡಿಮೆ. "ಕೊಪ್ಪದೋಳು ಬಂದ್ಲಾ?" "ಕೊಪ್ಪದೋಳ ಕೈಲಿ ಕೊಡಿ" — ಹೀಗೇ. ನನ್ನ ಓರಗಿತ್ತಿಯರೂ ಒಬ್ಬೊಬ್ಬರು ಒಂದೊಂದು ಊರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನನಗೊಂದು ಹೆಸರಿಲ್ಲವೇ, ಎಷ್ಟು ವರ್ಷವಾದರೂ ನಾನು ಹೊರಗಿನವಳೇ ಎಂದು. ಅದರಲ್ಲಿ ಆ ಚುಚ್ಚೂ ಇತ್ತು, ಸುಳ್ಳಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಕೊಪ್ಪದ ಮರ್ಯಾದೆಯೂ ಹೋಗುತ್ತಿತ್ತು. ಈಗ ಯೋಚಿಸಿದರೆ, ಆ ಮನೆಯಲ್ಲಿ ನನ್ನ ತವರನ್ನು ದಿನಕ್ಕೆ ಹತ್ತು ಸಲ ನೆನೆಸುತ್ತಿದ್ದದ್ದು ಆ ಕರೆಯೇ.

ನಮ್ಮ ಅಪ್ಪನಿಗೆ ನಾವು ಮೂರೂ ಹೆಣ್ಣುಮಕ್ಕಳು. "ಎಲ್ಲಾ ಇದೆ, ಹೆಸರು ಹೇಳೋಕೆ ಒಂದು ಗಂಡು ಇಲ್ವಲ್ಲ" ಎಂದು ಊರವರು ಅಪ್ಪನ ಎದುರಿಗೇ ಮರುಗುತ್ತಿದ್ದರು. ಅಪ್ಪ ಬೀಡಿ ಹಚ್ಚಿಕೊಂಡು ಆ ಮಾತನ್ನು ಹೊಗೆಯಲ್ಲಿ ಬಿಡುತ್ತಿದ್ದರು. ಒಂದು ದಿನ ಮಾತ್ರ ಗದ್ದೆಯ ಬದುವಿನ ಮೇಲೆ, "ಮಗ, ನಾನು ಸತ್ತ ಮ್ಯಾಲೆ ಈ ಮನೆ ಯಾರ್ದು ಅಂತಾರೆ?" ಎಂದು ಕೇಳಿದ್ದರು. ನನಗಾಗ ಹದಿನಾರು. ಉತ್ತರ ಗೊತ್ತಿರಲಿಲ್ಲ.

ಈ ಚಿಂತೆ ದೊಡ್ಡ ದೊಡ್ಡವರಿಗೂ ಇತ್ತೆಂದು ಆಮೇಲೆ ಓದಿ ತಿಳಿದೆ. ಇಂಗ್ಲೆಂಡಿನಲ್ಲಿ ಶ್ರೀಮಂತ ಮನೆತನಗಳ ಹೆಸರುಗಳು ಒಂದೊಂದೇ ಕಾಣೆಯಾಗುವುದನ್ನು ಕಂಡು ಗಾಲ್ಟನ್ ಎಂಬ ವಿದ್ವಾಂಸರು 1873ರಲ್ಲಿ ಅದನ್ನೊಂದು ಲೆಕ್ಕವಾಗಿ ಪತ್ರಿಕೆಯಲ್ಲಿ ಕೇಳಿದರು. ವಾಟ್ಸನ್ ಎಂಬ ಪಾದ್ರಿ ಅದನ್ನು ಬಿಡಿಸಲು ಹೊರಟರು. ಇಬ್ಬರೂ ಸೇರಿ 1874ರಲ್ಲಿ ಪ್ರಕಟಿಸಿದ ಆ ಲೆಕ್ಕವನ್ನು ಇವತ್ತಿಗೂ ಗಣಿತದವರು ಓದುತ್ತಾರೆ. ಆ ಲೆಕ್ಕದಲ್ಲಿ ಬರುವುದು ಗಂಡುಮಕ್ಕಳು ಮಾತ್ರ. ಒಬ್ಬನಿಗೆ ಹೆಣ್ಣುಮಕ್ಕಳೇ ಹುಟ್ಟಿದರೆ ಅಲ್ಲಿಗೆ ಅವನ ಸಾಲಿನಲ್ಲಿ ಸೊನ್ನೆ. ಹೆಸರಿನ ಮಟ್ಟಿಗೆ ಲೆಕ್ಕ ಸರಿಯೇ. ಆದರೆ ನಾವು ಹೆಸರು ನಿಂತಿತು ಎನ್ನುವುದಿಲ್ಲ, ವಂಶ ನಿಂತಿತು ಎನ್ನುತ್ತೇವೆ! ನಾನಿದ್ದೇನೆ, ನನ್ನ ಅಕ್ಕಂದಿರಿದ್ದಾರೆ, ನಮ್ಮ ಮಕ್ಕಳಿದ್ದಾರೆ. ನನ್ನ ಮಗಳ ಮೂಗು ಅಪ್ಪನದೇ. ಹಟವೂ ಅಪ್ಪನದೇ. ನಿಂತದ್ದು ಏನು, ನೀವೇ ಹೇಳಿ.

ಹಾಗಾದರೆ ಹೆಸರು ಏನೂ ಅಲ್ಲವೇ? ಹಾಗೆ ಹೇಳಲೂ ಮನಸ್ಸು ಒಪ್ಪದು. ಊರ ಹೆಸರಿಗೆ ಒಂದು ದೊಡ್ಡ ಗುಣವಿದೆ. ಕೊಪ್ಪದ 'ಕೆ' ಪಟೇಲರ ಮಗನಿಗೂ ಒಂದೇ, ಕುಂಬಾರರ ಮಗಳಿಗೂ ಒಂದೇ, ಊರಾಚೆಯ ಕೇರಿಯಲ್ಲಿ ಹುಟ್ಟಿದವರಿಗೂ ಒಂದೇ. ಊರಿನೊಳಗೆ ಬಾವಿ ಬೇರೆ, ಬೀದಿ ಬೇರೆ ಮಾಡಿಕೊಂಡವರು ನಾವು. ಆ ಅಕ್ಷರ ಮಾತ್ರ ಕೇರಿ ಯಾವುದೆಂದು ಹೇಳುವುದಿಲ್ಲ. ಹೆಸರಿನ ಹಿಂದೆ ಬರುವ ಬಾಲ ಜಾತಿ ಹೇಳೀತು, ಮುಂದೆ ಬರುವ ಊರು ನೀರು ಕುಡಿದ ಋಣವನ್ನಷ್ಟೇ ಹೇಳುತ್ತದೆ. ಋಣ ಎಂದ ಮೇಲೆ ಅದು ಗಂಡಿಗೆ ಮಾತ್ರ ಹೇಗಾದೀತು? ತುಳುನಾಡಿನ ಅಳಿಯಸಂತಾನದವರಲ್ಲಿ 'ಬಳಿ' ಬರುವುದು ತಾಯಿಯಿಂದ. ಆಕಾಶವೇನೂ ಕಳಚಿ ಬಿದ್ದಿಲ್ಲ. ಯಾವುದನ್ನು ನೆನಪಿನಲ್ಲಿ ಇಡಬೇಕು, ಯಾವುದನ್ನು ಬಿಡಬೇಕು ಎನ್ನುವುದು ದೇವರ ಕಟ್ಟಳೆಯಲ್ಲ, ನಮ್ಮ ನಮ್ಮ ರೂಢಿ.

ಅಪ್ಪ ತೀರಿಕೊಂಡ ವರ್ಷ ನಡೆದದ್ದು ಹೇಳಬೇಕು. ಮಹಾಲಯ ಅಮಾವಾಸ್ಯೆಯ ದಿನ ಹಲಗೂರಿನ ಮನೆಯಲ್ಲಿ ಹಿರಿಯರಿಗೆ ಎಡೆ. ಹೊಸ ಬಟ್ಟೆ, ಕಜ್ಜಾಯ, ವಡೆ, ಮುದ್ದೆ, ಸಾರು, ಅವರವರಿಗೆ ಇಷ್ಟವಾದದ್ದೆಲ್ಲ ಇಟ್ಟು ಹೆಸರು ಹೇಳಿ ಕರೆಯುವುದು ಪದ್ಧತಿ. ಅತ್ತೆ ಎಲೆಗಳನ್ನು ಹಾಸುತ್ತಿದ್ದರು. ಕೊಪ್ಪದ ಮನೆಗೆ ಬೀಗ ಬಿದ್ದಿತ್ತು. ಅವ್ವ ಅಕ್ಕನ ಮನೆಯಲ್ಲಿದ್ದರು. ನಾನು ಒಲೆಯ ಮುಂದೆ ಕಣ್ಣೊರೆಸಿಕೊಂಡದ್ದನ್ನು ಅತ್ತೆ ನೋಡಿದರೋ ಏನೋ. ಜೀವಮಾನದಲ್ಲಿ ನನ್ನ ಸಾರನ್ನು ಒಂದು ದಿನ ಹೊಗಳದ ಹೆಂಗಸು, "ಇನ್ನೊಂದು ಎಲೆ ತತ್ತಾವ್ವ. ಕೊಪ್ಪದೋರ್ಗೂ ಒಂದು ಎಡೆ ಆಗ್ಲಿ. ಅವ್ರ ಹೆಸರ ನೀನೇ ಹೇಳು" ಅಂದರು. ಅಪ್ಪನ ಎಲೆಯ ಪಕ್ಕ ಒಂದು ಕಟ್ಟು ಬೀಡಿ ಇಟ್ಟೆ. ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ ಗಟ್ಟಿಯಾಗಿ ಹೇಳಿದೆ. ಹೆಸರು ಹೇಳೋರು ಅಂದರೆ ಅಷ್ಟೇ ಅಲ್ಲವೇ? ಬದುವಿನ ಮೇಲೆ ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನನಗೆ ದಾರಿ ತೋರಿಸಿದವರು ಅತ್ತೆ. ಅವರೂ ಒಂದು ಕಾಲಕ್ಕೆ ಯಾವುದೋ ಊರಿನವಳು ಎನ್ನಿಸಿಕೊಂಡು ಆ ಮನೆಗೆ ಬಂದವರೇ. ತಮ್ಮ ಅಪ್ಪನಿಗೆ ಎಡೆ ಇಡಲು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಅವರಿಗೂ ಒಂದು ಎಲೆ ಹಾಕುತ್ತೇನೆ.

ಮಗಳ ಪಾಸ್‌ಪೋರ್ಟು ಬಂತು. ಅಂಕಪಟ್ಟಿಗೆ ಹೊಂದಬೇಕಲ್ಲ, ಹಲಗೂರು ಎಂದೇ ಇದೆ. ಅದು ಅವಳ ಊರೂ ಹೌದು, ನನಗೇನೂ ಬೇಸರವಿಲ್ಲ. ಆ ದೇಶದಲ್ಲಿ ಅವಳನ್ನು 'ಮಿಸ್ ಹಲಗೂರು' ಎಂದು ಕರೆದಾರು. ಮುಂದೊಂದು ಕಾಲಕ್ಕೆ ಅವಳ ಮೊಮ್ಮಕ್ಕಳು ಅದು ಯಾವ ಹಲಗೂರು, ಎಲ್ಲಿಯದು ಎಂದು ಹುಡುಕಲೂಬಹುದು. ಸಿಕ್ಕೀತು. ಕೊಪ್ಪ ಹೇಗೆ ಸಿಗಬೇಕು? ಅದು ಯಾವ ಕಾಗದದಲ್ಲೂ ಇಲ್ಲ.

ಅದಕ್ಕೇ ಅವಳು ಹೊರಡುವ ಹಿಂದಿನ ದಿನ, ಅಡುಗೆ ಬರೆದುಕೊಟ್ಟ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ: ನಾನು ಕೊಪ್ಪದವಳು. ನನ್ನ ಅವ್ವ ಕೆಸ್ತೂರಿನವಳು. ಅವ್ವನ ಅವ್ವ ಕಿರುಗಾವಲಿನವಳು. ಅವಳ ಅವ್ವ...

ಪೆನ್ನು ಅಲ್ಲಿಗೆ ನಿಂತಿತು. ಅಪ್ಪನ ಕಡೆ ಏಳು ತಲೆಮಾರಿನ ಹೆಸರು ಬಾಯಿಪಾಠ ಬರುತ್ತದೆ ನನಗೆ. ಅವ್ವನ ಕಡೆ ಮೂರನೆಯದಕ್ಕೇ ದಾರಿ ಮುಗಿಯಿತು. ಅಕ್ಕನಿಗೆ ಫೋನು ಮಾಡಿದೆ, ಅವಳಿಗೂ ಗೊತ್ತಿಲ್ಲ. ಗೊತ್ತಿದ್ದವರು ಯಾರೂ ಈಗಿಲ್ಲ.

ನಿಮ್ಮ ಮನೆಯಲ್ಲಿ ಇನ್ನೂ ಒಬ್ಬ ಅಜ್ಜಿ ಇದ್ದರೆ, ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದಲ್ಲಿ ಕೂತು ಕೇಳಿ. ನಮ್ಮ ಕಡೆ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರೂ ಕೇಳುತ್ತಾರಲ್ಲ, ಹಾಗೆ: "ನಿಮ್ಮವ್ವಂದು ಯಾವೂರಾಯ್ತವ್ವ?"