ಹುಟ್ಟುಗುಣವೂ ಹರಕೆಯ ಚೀಟಿಯೂ

|| ಶ್ರೀ ಜಟಂಗಿ ರಾಮೇಶ್ವರ ಸ್ವಾಮಿ ಪ್ರಸನ್ನ ||



ಬೆಟ್ಟ ಹತ್ತಿ ಬಂದಿದ್ದೀರಿ, ದಣಿದಿದ್ದೀರಿ. ಮೊದಲು ನೀರು ಕುಡಿದು ನೆರಳಿಗೆ ಕೂತ್ಕೊಳ್ಳಿ. ಈ ಮಾತನ್ನು ಆಮೇಲೆ ಓದಿದರೂ ನಡೆಯುತ್ತದೆ.

ಸೀತಾಮಾತೆಯನ್ನು ಬಿಡಿಸಲು ಹೋಗಿ ರಾವಣನ ಕತ್ತಿಗೆ ರೆಕ್ಕೆ ಕಳಕೊಂಡ ಜಟಾಯು ಬಿದ್ದ ಜಾಗ ಇದೇ ಎಂಬುದು ಹಿರಿಯರ ನಂಬಿಕೆ. ಜಟಾಯು ಎಂದರೆ ಹದ್ದು. ಸತ್ತದ್ದನ್ನು ತಿಂದು ಬದುಕುವ ಪಕ್ಷಿ. ನಮ್ಮೂರುಗಳಲ್ಲಿ ಹದ್ದು ಮನೆ ಮೇಲೆ ಕೂತರೆ ಇವತ್ತಿಗೂ ಶಾಂತಿ ಮಾಡಿಸುವವರು ಇದ್ದಾರೆ. ಆದರೆ ಶ್ರೀರಾಮಚಂದ್ರ ಅದರ ತಲೆಯನ್ನು ತನ್ನ ತೊಡೆ ಮೇಲೆ ಇಟ್ಟುಕೊಂಡಾಗ ನೀನು ಏನು ತಿನ್ನುತ್ತೀಯೆ, ನಿನ್ನ ಮೈಯೇಕೆ ಹೀಗೆ ನಾರುತ್ತದೆ ಎಂದು ಕೇಳಲಿಲ್ಲ. ತಂದೆಗೆ ಮಾಡುವ ಸಂಸ್ಕಾರವನ್ನೇ ಮಾಡಿದ. ಈ ಕಥೆ ಎಲ್ಲರಿಗೂ ಗೊತ್ತು, ಆದರೆ ಈ ಒಂದು ಕಡೆಯಿಂದ ಅದನ್ನು ನೋಡುವವರು ಕಡಿಮೆ.

ಯಾಕೆ ಹೇಳಿದೆ ಎಂದರೆ, ಇಲ್ಲಿಗೆ ಬರುವ ಭಕ್ತಾದಿಗಳಲ್ಲಿ ಮಳೆ, ಮಕ್ಕಳು, ಮದುವೆ ಬೇಡುವವರ ಜೊತೆಗೆ ಇನ್ನೊಂದು ತರಹದವರೂ ಇದ್ದಾರೆ. ಅವರು ತಮ್ಮ ಗುಣವನ್ನೇ ತೆಗೆದುಬಿಡು ಅಂತ ಸ್ವಾಮಿಯನ್ನು ಬೇಡುತ್ತಾರೆ. ಒಬ್ಬರಿಗೆ ನಾಲ್ಕು ಜನರ ನಡುವೆ ಮಾತು ಹೊರಡದು. ಇನ್ನೊಬ್ಬರಿಗೆ ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡದಿದ್ದರೆ ಸಮಾಧಾನವಿಲ್ಲ. ಒಬ್ಬ ತಾಯಿಗೆ ಬೆಳಗಿನ ನಾಲ್ಕಕ್ಕೇ ಎಚ್ಚರ, ಸೊಸೆಗೆ ಏಳಾದರೂ ಕಣ್ಣು ಬಿಡದು, ಇಬ್ಬರೂ ಬಂದು ಬೇರೆ ಬೇರೆ ಹರಕೆ ಹೊರುತ್ತಾರೆ! ಸ್ವಾಮಿ ಯಾರ ಮಾತು ಕೇಳಬೇಕು?

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನಾವು ಬೈಯುವುದಕ್ಕೆ ಮಾತ್ರ ಬಳಸುತ್ತೇವೆ. ಹೋಗದು ಎಂದ ಮೇಲೆ ಅದರ ಜೊತೆ ಬದುಕುವುದು ಹೇಗೆ ಅಂತ ಒಬ್ಬರಾದರೂ ಯೋಚನೆ ಮಾಡಬೇಕಲ್ಲ.

ನಮ್ಮ ಸೀಮೆಯ ಮ್ಯಾಸ ಬೇಡರನ್ನು ನೋಡಿ. ಅವರಲ್ಲಿ ಸಂಪ್ರದಾಯದವರು ಕೋಳಿ ತಿನ್ನುವುದಿಲ್ಲ, ಸಾಕುವುದೂ ಇಲ್ಲ. ದೇವರ ಎತ್ತುಗಳನ್ನು ನೇಗಿಲಿಗೆ ಕಟ್ಟದೆ ಮೇಯಿಸುತ್ತಾರೆ, ಅದಕ್ಕೆಂದೇ ಕಿಲಾರಿ ಇರುತ್ತಾನೆ, ಬರಗಾಲದಲ್ಲಿ ತಮಗೆ ಇಲ್ಲದಿದ್ದರೂ ಆ ಎತ್ತುಗಳಿಗೆ ಮೇವು ಹುಡುಕಿಕೊಂಡು ಅಲೆಯುತ್ತಾರೆ. ಯಾಕಪ್ಪಾ ಹೀಗೆ ಎಂದು ಕೇಳಿ, ತಲೆ ಎತ್ತಿ ಹೇಳುತ್ತಾರೆ: ಇದು ನಮ್ಮ ಕಟ್ಟು. ಅದೇ ಮನುಷ್ಯ ತನ್ನೊಬ್ಬನದೇ ಆದ ಒಂದು ಪದ್ಧತಿ ಇದ್ದರೆ, ಉಂಡ ಮೇಲೆ ಒಂದು ಗಳಿಗೆ ಯಾರ ಜೊತೆಯೂ ಮಾತಾಡದೆ ಬೇವಿನ ಮರದ ಕೆಳಗೆ ಕೂರುವುದು ಅಂತಿಟ್ಟುಕೊಳ್ಳಿ, ಅದಕ್ಕೆ ತಲೆ ತಗ್ಗಿಸುತ್ತಾನೆ. ಕುಲದ ಪದ್ಧತಿಗೆ ಮರ್ಯಾದೆ, ತನ್ನ ಪದ್ಧತಿಗೆ ನಾಚಿಕೆ. ಇದು ಯಾವ ನ್ಯಾಯ?

ಬೇಡರ ಕಣ್ಣಪ್ಪನ ಕಥೆ ಹರಿಹರನ ರಗಳೆಯಲ್ಲಿದೆ. 1954ರಲ್ಲಿ ಸಿನಿಮಾ ಆಗಿ ಬಂದ ಮೇಲೆ, ಅದೇ ಡಾ. ರಾಜ್‌ಕುಮಾರ್ ಅವರು ನಾಯಕರಾದ ಮೊದಲ ಚಿತ್ರ, ಓದು ಬರದವರಿಗೂ ಗೊತ್ತಾಯಿತು. ಬಾಯಲ್ಲಿ ನೀರು ತಂದು ಲಿಂಗಕ್ಕೆ ಅಭಿಷೇಕ, ತಾನೇ ರುಚಿ ನೋಡಿದ ಮಾಂಸ ನೈವೇದ್ಯ. ಪೂಜಾರಿಗೆ ಸಂಕಟ, ಅವರ ಸಂಕಟವೂ ಸುಳ್ಳಲ್ಲ. ಆದರೆ ಶಿವ ಮೊದಲು ಇವನಿಗೆ ಮಡಿ ಕಲಿಸಿ ಆಮೇಲೆ ಒಪ್ಪಿಕೊಂಡನೇ? ಬೇಟೆಗಾರ ಬೇಟೆಗಾರನಾಗಿಯೇ ಬಂದ, ಶಿವ ಹಾಗೆಯೇ ಒಪ್ಪಿಕೊಂಡ.

ಬೆಟ್ಟದ ಮೇಲಿಂದ ಕೆಳಗೆ ನೋಡಿದರೆ ಬಯಲು. ತೆಂಕಲಿಗೆ ಚಳ್ಳಕೆರೆ ಕಡೆ ಹೋದರೆ ವರವು ಕಾವಲ್ ಸಿಗುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನ ಮೇಯುವುದಕ್ಕೆ ಬಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಅಮೃತ ಎಂಬ ಹೆಸರು ಕೇಳಿ ಕೊಡಗಟ್ಟಲೆ ಹಾಲು ಅಂದುಕೊಳ್ಳಬೇಡಿ, ಹಾಲು ಕರುವಿಗೆ ಸಾಕಾದರೆ ಹೆಚ್ಚು. ಹೊಸಬರು ಹತ್ತಿರ ಹೋದರೆ ಕೊಂಬು ಬಗ್ಗಿಸುತ್ತದೆ. ಆದರೆ ಅದರ ಎತ್ತಿನ ಕಾಲಿಗೆ ದಣಿವೆಂಬುದಿಲ್ಲ, ಫಿರಂಗಿ ಗಾಡಿ ಎಳೆದು ದಂಡಿನ ಜೊತೆ ಹೋದ ತಳಿ ಅದು. ಹಾಲಿಲ್ಲ ಅಂತ ಅದನ್ನು ಬೈದವನು ದನ ಕಾಣದವನು.

ನೆಲವೂ ಹಾಗೆಯೇ. ಮರವಿಲ್ಲ, ಬರೀ ಹುಲ್ಲು, ಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಹೊರಗಿನಿಂದ ನೋಡಿದವರು ಬಂಜರು ಅಂದರು. ಆ ಬಂಜರನ್ನೇ ನಂಬಿ ದನ, ಕುರಿ, ಕೃಷ್ಣಮೃಗ ಬದುಕಿದ್ದವು, ಆ ಕುರಿಯ ಉಣ್ಣೆಯಿಂದಲೇ ಚಳ್ಳಕೆರೆ ಕಂಬಳಿಗೆ ಹೆಸರು. ಮಳೆ ಕಡಿಮೆ ಬೀಳುವ ಕಡೆ ಹುಲ್ಲಾಗಿ ಇರುವುದೇ ಆ ನೆಲದ ಸ್ವಭಾವ, ಕಾಡಾಗಲಿಲ್ಲವೆಂಬುದು ಅದರ ತಪ್ಪಲ್ಲ. 2008ರ ನಂತರ ಸಾವಿರಾರು ಎಕರೆ ಕಾವಲು ಸಂಸ್ಥೆಗಳಿಗೆ ಹೋಯ್ತು. 2017ರಲ್ಲಿ ವಿಮಾನ ಪರೀಕ್ಷೆಯ ನೆಲೆಯೂ ಅಲ್ಲಿ ಶುರುವಾಯ್ತು. ದೇಶಕ್ಕೆ ಅದೂ ಬೇಕು, ನಾನು ಇಲ್ಲ ಅನ್ನುವುದಿಲ್ಲ. ಏನೂ ಇಲ್ಲದ ಜಾಗ ಅಂತ ಮಾತ್ರ ಯಾರೂ ಹೇಳಬಾರದಿತ್ತು. ನಿಮ್ಮನ್ನು ನೀವು ಅಳೆಯುವಾಗಲೂ ಈ ಮಾತು ನೆನಪಿರಲಿ.

ಈಗ ಅಶೋಕ ಚಕ್ರವರ್ತಿಯ ಶಾಸನದ ವಿಷಯ. ನಮ್ಮ ಬೆಟ್ಟ, ಬ್ರಹ್ಮಗಿರಿ, ಸಿದ್ದಾಪುರ, ಮೂರು ಕಡೆಯೂ ಬಂಡೆ ಮೇಲೆ ಬರೆಸಿದ್ದಾನೆ. 1892ರಲ್ಲಿ ಬಿ.ಎಲ್. ರೈಸ್ ಸಾಹೇಬರು ಇವನ್ನು ಬೆಳಕಿಗೆ ತಂದರು. ತಂದೆ ತಾಯಿ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ನಿಜ ಹೇಳಿ, ಗುರುವಿಗೆ ಗೌರವ ಕೊಡಿ ಎಂಬ ಉಪದೇಶ. ಆದರೆ ನನ್ನ ಮನಸ್ಸಿಗೆ ಹತ್ತಿರವಾದವನು ಚಕ್ರವರ್ತಿಯಲ್ಲ, ಬರೆದ ಗುಮಾಸ್ತ. ಚಪಡ ಎಂದು ಅವನ ಹೆಸರು. ಪೂರ್ತಿ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಹೆಸರಿನ ಮುಂದೆ ಲಿಪಿಕಾರ ಎಂಬ ಒಂದೇ ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಓಡುವ ಲಿಪಿ. ಗಾಂಧಾರದ ಕಡೆ, ಈಗಿನ ಪಾಕಿಸ್ತಾನ, ಅಫಘಾನಿಸ್ತಾನದ ಸೀಮೆಯಲ್ಲಿ ಬಳಕೆಯಲ್ಲಿತ್ತು. ಮೊಳಕಾಲ್ಮೂರು ಸೀಮೆಯಲ್ಲಿ ಅದನ್ನು ಓದುವವರು ಅಂದು ಯಾರಿದ್ದರು? ಕೈಗೆ ಹತ್ತಿದ ರೂಢಿ, ಒಂದು ಪದಕ್ಕಾದರೂ ಹೊರಗೆ ಬಂತು ಎಂದು ನನಗೆ ತೋರುತ್ತದೆ. ರಾಜಾಜ್ಞೆಗೆ ಅದರಿಂದ ಒಂದಕ್ಷರವೂ ಕುಂದಾಗಲಿಲ್ಲ.

ಕಚೇರಿ ಪುಸ್ತಕದಲ್ಲಿ ಎಡಗೈಯಿಂದ ಹೆಸರು ಬರೆದ ಮಗುವಿನ ಕೈಗೆ ದೊಡ್ಡವರು ಏಟು ಹಾಕುವುದನ್ನು ಕಂಡಾಗಲೆಲ್ಲ ನನಗೆ ಚಪಡನೇ ನೆನಪಾಗುತ್ತಾನೆ. ಪ್ರಸಾದಕ್ಕೆ ಬಲಗೈ ಒಡ್ಡಲು ಕಲಿಸಿ, ಅದು ಪದ್ಧತಿ. ಬರೆಯುವ ಕೈಯನ್ನು ಅದರ ಪಾಡಿಗೆ ಬಿಡಿ.

ಹಾಗಾದರೆ ಎಲ್ಲ ಗುಣವೂ ಸರಿಯೇ, ಕುಡಿತವೂ ಸ್ವಭಾವವೇ, ಹೆಂಡತಿ ಮೇಲೆ ಕೈ ಮಾಡುವುದೂ ಹುಟ್ಟುಗುಣವೇ ಎಂದು ಕೇಳುವವರು ಇರುತ್ತಾರೆ. ಇಲ್ಲ ಸ್ವಾಮಿ. ಗೀತೆಯ 3ನೇ ಅಧ್ಯಾಯದಲ್ಲಿ ಶ್ರೀಕೃಷ್ಣ ಪ್ರಕೃತಿಯನ್ನು ಅದುಮಿ ಹಿಡಿಯುವುದರಿಂದ ಪ್ರಯೋಜನ ಕಾಣನು. ಆದರೆ ಮರುಗಳಿಗೆಯಲ್ಲೇ ರಾಗದ್ವೇಷಗಳ ಕೈಗೆ ಸಿಗಬೇಡ ಎಂದೂ ಎಚ್ಚರಿಸುತ್ತಾನೆ. ಎರಡನ್ನೂ ಜೊತೆಗೇ ಓದಬೇಕು. ನನ್ನ ಬುದ್ಧಿಗೆ ತಿಳಿದ ಮಟ್ಟಿಗೆ, ನಿಮ್ಮ ಅಭ್ಯಾಸದ ಖರ್ಚು ಯಾರು ಕೊಡುತ್ತಿದ್ದಾರೆ ನೋಡಿ. ಬೀಗ ಮೂರು ಸಲ ಎಳೆದರೆ ನಿಮ್ಮದೇ ಒಂದು ನಿಮಿಷ ಹೋಯ್ತು. ಕುಡಿತಕ್ಕೆ ಮನೆಯಾಕೆಯ ಮಾಂಗಲ್ಯ, ಮಕ್ಕಳ ಫೀಜು ಹೋಗುತ್ತದೆ. ಅಂಥದ್ದನ್ನು ಸ್ವಾಮಿ ಪಾದದಲ್ಲಿ ಬಿಟ್ಟೇ ಇಳಿಯಬೇಕು, ಅದಕ್ಕೇ ಹರಕೆ ಇರೋದು. ಮೆಲ್ಲಗೆ ಮಾತಾಡುವುದು, ಒಬ್ಬರೇ ಕೂರುವುದು, ಬೆಲ್ಲದ ಪಾಯಸಕ್ಕಿಂತ ಮುದ್ದೆ ಸಾರೇ ರುಚಿ ಅನ್ನಿಸುವುದು, ಇವನ್ನೆಲ್ಲ ಯಾಕೆ ಮೇಲಕ್ಕೆ ಹೊತ್ತು ತರುತ್ತೀರಿ?

ಶಾಸನ ನೋಡಲು ಬಯಸುವವರು ಒಂದು ವಿಷಯ ತಿಳಿದಿರಲಿ. ಆ ಬಂಡೆಗೆ ಬಳೆಗಾರ ಗುಂಡು ಎಂದು ಹೆಸರು, ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹಾಕುತ್ತಿದ್ದರಂತೆ. ಅಕ್ಷರ ಬಹಳ ಸವೆದಿದೆ. ದಯವಿಟ್ಟು ಉಜ್ಜಬೇಡಿ, ಕುಂಕುಮ ಹಚ್ಚಬೇಡಿ, ಹೆಸರು ಕೆತ್ತಬೇಡಿ. ಹರಕೆ ಬರೆಸುವವರು ದರ್ಶನವಾದ ಮೇಲೆ ಕಚೇರಿಗೆ ಬನ್ನಿ. ಸಿಟ್ಟು ಬಿಡುತ್ತೇನೆ, ಕುಡಿತ ಬಿಡುತ್ತೇನೆ ಎಂದು ಬರೆಸುವವರು ಮನೆಯವರನ್ನೂ ಜೊತೆಗೆ ಕರ್ಕೊಂಡು ಬನ್ನಿ, ಚೀಟಿ ಅವರ ಕೈಗೇ ಕೊಡುವುದು ಒಳ್ಳೆಯದು.